ಮಡಚುವ ಲ್ಯಾಪ್‌ಟಾಪಾ, ಮಾಮೂಲಿ ಲ್ಯಾಪ್‌ಟಾಪ್ ಜತೆ ಪೆನ್ ಟ್ಯಾಬ್ಲೆಟ್ಟಾ?

ಮೊದಲೇ ಹೇಳಿಬಿಡುತ್ತೇನೆ: ಆನ್‌ಲೈನ್‌ನಲ್ಲಿ ಪಾಠ ಮಾಡುವವರಿಗೆ ಮಾಮೂಲಿ ಲ್ಯಾಪ್‌ಟಾಪ್, ಜತೆಗೆ ನಾಲ್ಕೈದು ಸಾವಿರದ ಪೆನ್ ಟ್ಯಾಬ್ಲೆಟ್ (ಪೆನ್ನಿನಲ್ಲಿ ಬರೆದದ್ದನ್ನು ಲ್ಯಾಪ್‌ಟಾಪ್ ಸ್ಕ್ರೀನ್ ಮೇಲೆ ಮೂಡಿಸುವ ಹಲಗೆ) ಇದ್ದರೆ ಸಾಕು. ಸ್ಕ್ರೀನನ್ನು ಪೂರ್ತಿ ಹಿಂದಕ್ಕೆ, 360 ಡಿಗ್ರಿ ಮಡಚುವ ದುಬಾರಿ ಲ್ಯಾಪ್‌ಟಾಪ್ ಬೇಡ. ಎರಡನ್ನೂ ಬಳಸಿ ನೋಡಿದ ಮೇಲೆ ಹೇಳುತ್ತಿದ್ದೇನೆ.

ನಾನು ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಲೆಕ್ಕವನ್ನು ಕೈಯಲ್ಲೇ ಬರೆದು ತೋರಿಸಬೇಕು, ನನ್ನ ಮುಖವೂ ಅವರಿಗೆ ಕಾಣಬೇಕು. ಅದಕ್ಕೆಂದೇ ಸುಮಾರು 1.3 ಲಕ್ಷ ಕೊಟ್ಟು ಒಂದು ದೊಡ್ಡ ಕಂಪನಿಯ ಮಡಚುವ ಲ್ಯಾಪ್‌ಟಾಪ್ ತಂದೆ. ನೋಡಲು ಬಹಳ ಚೆಂದ. ಆದರೆ ಬರೆಯುವುದು, ಮುಖ ತೋರಿಸುವುದು, ಈ ಎರಡೂ ಅದರಲ್ಲಿ ಒಟ್ಟಿಗೆ ಆಗಲೇ ಇಲ್ಲ.

ಯಾಕೆ ಅಂದರೆ, ಮಾಮೂಲಿಯಾಗಿ ತೆರೆದಿಟ್ಟು ಸ್ಕ್ರೀನ್ ಮೇಲೆ ಪೆನ್ ಊರಿದರೆ ಸ್ಕ್ರೀನ್ ಅಲ್ಲಾಡುತ್ತದೆ. ವರ್ಗಮೂಲದ ಗೆರೆ ಎಳೆಯುವಷ್ಟರಲ್ಲಿ ಅದು ಹಿಂದಕ್ಕೆ ಬಾಗಿರುತ್ತದೆ. ಕೈ ಊರಲು ಜಾಗವಿಲ್ಲ, ಸ್ವಲ್ಪ ಹೊತ್ತಿಗೇ ಭುಜ ನೋಯುತ್ತದೆ. ಸರಿ, ಪೂರ್ತಿ ಮಡಚಿ ಮೇಜಿನ ಮೇಲೆ ಮಲಗಿಸಿದರೆ ಅಕ್ಷರ ಚೆನ್ನಾಗಿ ಬರುತ್ತದೆ. ಆದರೆ ಆಗ ಕ್ಯಾಮೆರಾ ಸೂರು ನೋಡುತ್ತದೆ! ಮಕ್ಕಳಿಗೆ ಕಾಣುವುದು ತಿರುಗುವ ಫ್ಯಾನ್ ಮಾತ್ರ. ಕೀಬೋರ್ಡ್ ಕೆಳಗಾಗುವುದರಿಂದ ಮೇಜಿನ ಮೇಲಿನ ಧೂಳೆಲ್ಲ ಕೀಗಳಿಗೆ.

ಟೆಂಟ್ ಥರ ನಿಲ್ಲಿಸಿದರೆ ಕ್ಯಾಮೆರಾ ಕೆಳಗಿನ ಅಂಚಿಗೆ ಬರುತ್ತದೆ, ಮೂಗಿನ ಹೊಳ್ಳೆ ಕಾಣುತ್ತದೆ. ಕೀಬೋರ್ಡನ್ನು ಕವುಚಿ ಹಾಕಿ ಸ್ಕ್ರೀನ್ ಎತ್ತಿ ನಿಲ್ಲಿಸುವ ಇನ್ನೊಂದು ಭಂಗಿಯಿದೆ. ಅದರಲ್ಲಿ ಕ್ಯಾಮೆರಾ ಸರಿಯಾಗಿ ಮೇಲಿರುತ್ತದೆ. ಇದು ಕೆಲಸಕ್ಕೆ ಬಂತು ಅಂದುಕೊಂಡೆ. ಆದರೆ ಅಂಗೈ ಭಾರ ಬಿದ್ದಂತೆಲ್ಲ ಸ್ಕ್ರೀನ್ ಮೆಲ್ಲಗೆ ಹಿಂದಕ್ಕೆ ಮಲಗುತ್ತಾ ಹೋಗುತ್ತದೆ. ಲೆಕ್ಕ ಮುಗಿಯುವ ಹೊತ್ತಿಗೆ ಮತ್ತೆ ಫ್ಯಾನ್. ಇಷ್ಟು ದುಡ್ಡಿಗೆ ಸ್ಕ್ರೀನ್ ಹಿಡಿದಿಡುವ ಒಂದು ಗಟ್ಟಿ ಹಿಂಜ್ (ಕೀಲು) ಕೊಡಬಾರದಾ?

ಪವರ್ ಬಟನ್ ಬಲಗಡೆ ಅಂಚಿನಲ್ಲಿದೆ, ಕೈಯಲ್ಲಿ ಹಿಡಿದುಕೊಂಡರೆ ಬೆರಳು ನೇರ ಅದರ ಮೇಲೇ. ಪಾಠದ ಮಧ್ಯೆ ಸ್ಲೀಪ್‌ಗೆ ಹೋಗುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ಆ ಬಟನ್ ಏನೂ ಮಾಡದಂತೆ ಬದಲಿಸಿದ ಮೇಲೆ ಆ ಕಾಟ ತಪ್ಪಿತು. ಸ್ಕ್ರೀನ್ ಹೊಳಪು ಜಾಸ್ತಿ, ಟ್ಯೂಬ್‌ಲೈಟ್ ಪ್ರತಿಫಲಿಸುತ್ತದೆ. ವಿಂಡೋಸ್ 10ರಲ್ಲಿ ಟ್ಯಾಬ್ಲೆಟ್ ಮೋಡ್‌ಗೆ, ಅಂದರೆ ಸ್ಕ್ರೀನ್ ಮುಟ್ಟಿ ಬಳಸಲು ಅನುಕೂಲವಾಗುವಂತೆ ಬದಲಿಸಲು, ಒಂದು ಬಟನ್ ಇತ್ತು. 2021ರಲ್ಲಿ ಬಂದ ವಿಂಡೋಸ್ 11ರಲ್ಲಿ ಅದನ್ನು ತೆಗೆದುಬಿಟ್ಟರು. ಮಡಚಿದ್ದನ್ನು ಯಂತ್ರವೇ ಗುರುತಿಸಬೇಕು, ಒಮ್ಮೊಮ್ಮೆ ಗುರುತಿಸುವುದಿಲ್ಲ.

ಕೀಬೋರ್ಡ್ ಕಳಚುವ ಮಾದರಿಯನ್ನೂ ಗೆಳೆಯರಿಂದ ತಂದು ನೋಡಿದೆ. ಹಿಂದಿನ ಸ್ಟ್ಯಾಂಡ್ ಗಟ್ಟಿಯಾಗಿದೆ, ಬರೆಯಲು ಮಡಚುವುದಕ್ಕಿಂತ ಎಷ್ಟೋ ವಾಸಿ. ತೊಡೆ ಮೇಲೆ ಮಾತ್ರ ನಿಲ್ಲುವುದಿಲ್ಲ. ಅದಕ್ಕೆ ಕೀಬೋರ್ಡ್ ಬೇರೆ ಕೊಳ್ಳಬೇಕಂತೆ, ಪೆನ್ನೂ ಬೇರೆ.

ಈಗ ನನ್ನ ಮೇಜಿನ ಮೇಲೆ ಇರುವುದು 50 ಸಾವಿರದ ಆಸುಪಾಸಿನ ಲ್ಯಾಪ್‌ಟಾಪ್, ಪಕ್ಕದಲ್ಲಿ ವಾಕಾಮ್ ಕಂಪನಿಯ ಚಿಕ್ಕ ಪೆನ್ ಟ್ಯಾಬ್ಲೆಟ್. ಸ್ಕ್ರೀನ್ ಇಲ್ಲದ, ಸ್ಲೇಟಿನಷ್ಟಿರುವ ಹಲಗೆ ಅದು. ಪೆನ್ನಿಗೆ ಬ್ಯಾಟರಿಯೂ ಬೇಡ, ಚಾರ್ಜೂ ಬೇಡ. ಯುಎಸ್‌ಬಿ ಚುಚ್ಚಿದರೆ ಆಯಿತು. ಕೈ ಮೇಜಿನ ಮೇಲೆ, ಕಣ್ಣು ಸ್ಕ್ರೀನ್ ಮೇಲೆ, ಕ್ಯಾಮೆರಾ ನನ್ನ ಮುಖದ ಮೇಲೆ. ಕುತ್ತಿಗೆ ಬಗ್ಗಿಸುವ ಕೆಲಸವೇ ಇಲ್ಲ.

ಕೈ ಒಂದು ಕಡೆ, ಕಣ್ಣು ಒಂದು ಕಡೆ ಇರುವುದಕ್ಕೆ ರೂಢಿಯಾಗಲು ಸ್ವಲ್ಪ ಸಮಯ ಬೇಕು. ಅಂಕಿಗಳು ಬೇಗ ಹಿಡಿತಕ್ಕೆ ಬಂದವು, ಕನ್ನಡದ ಒತ್ತಕ್ಷರಗಳು ತಡವಾಗಿ. ‘ಸ್ತ್ರೀ’ ಬರೆದರೆ ಒತ್ತುಗಳೆಲ್ಲ ಪಕ್ಕದ ಅಕ್ಷರದ ಕೆಳಗೆ ಹೋಗಿ ಕೂರುತ್ತಿದ್ದವು. ಈಗ ಆ ತೊಂದರೆ ಇಲ್ಲ.

ಮಡಚುವುದನ್ನು ಮಾರಿಲ್ಲ. ಮಕ್ಕಳು ಪಿಡಿಎಫ್ ಮಾಡಿ ಕಳಿಸುವ ಉತ್ತರ ಪತ್ರಿಕೆ ತಿದ್ದಲು ಅದು ನಿಜಕ್ಕೂ ಒಳ್ಳೆಯದು, ಆಗ ಕ್ಯಾಮೆರಾ ಬೇಕಿಲ್ಲವಲ್ಲ. ಚಿತ್ರ ಬಿಡಿಸುವವರಿಗೂ ಹಿಡಿಸಬಹುದು. ಪಾಠಕ್ಕೆಂದೇ ಕೊಳ್ಳಲು ಹೊರಟಿದ್ದರೆ ಮಾತ್ರ, ಅಂಗಡಿಯಲ್ಲೇ ಕ್ಯಾಮೆರಾ ಆನ್ ಮಾಡಿಸಿ, ಅಂಗೈ ಪೂರ್ತಿ ಊರಿ ಸ್ಕ್ರೀನ್ ಮೇಲೆ ಒಂದಿಡೀ ಲೆಕ್ಕ ಬರೆದು ನೋಡಿ. ಲೆಕ್ಕ ಮುಗಿದಾಗಲೂ ನಿಮ್ಮ ಮುಖ ಅಲ್ಲೇ ಇದ್ದರೆ ತಗೊಳ್ಳಿ.