ಕುಮಟೆಯಲ್ಲಿ ಒಂದು ಸ್ಟಾರ್, ಮುಂಡಗೋಡದಲ್ಲಿ ನಾಲ್ಕೂವರೆ

ಮೊದಲೇ ಹೇಳಿಬಿಡುತ್ತೇನೆ, ಕೂಲರ್ ಕೆಟ್ಟಿಲ್ಲ. ಮೋಟರ್ ಸರಿ ಇದೆ, ಪಂಪ್ ಸರಿ ಇದೆ, ಗಾಳಿಯಂತೂ ಗೋಡೆಯ ಕ್ಯಾಲೆಂಡರ್ ಹಾರುವಷ್ಟು ಬರುತ್ತದೆ. ಹಾಗಾಗಿ ಕಂಪನಿ ಹೆಸರು ಬರೆಯುವುದಿಲ್ಲ, ಅಂಗಡಿ ಹೆಸರೂ ಇಲ್ಲ. ಬೈಸಿಕೊಳ್ಳಬೇಕಾದವನು ನಾನೇ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದೇನೆ. "ಬೆವರು ಆರಿದಾಗ ಮೈ ಯಾಕೆ ತಂಪಾಗುತ್ತದೆ?" ಅಂತ ಎಷ್ಟು ಸಲ ಪರೀಕ್ಷೆಗೆ ಹಾಕಿದ್ದೇನೋ. ಎರಡು ಅಂಕದ ಪ್ರಶ್ನೆ. ಅಂಗಡಿಯಲ್ಲಿ ನಿಂತಾಗ ಆ ಎರಡು ಅಂಕ ನನಗೇ ಸಿಗಲಿಲ್ಲ.

ನಮ್ಮ ಮನೆ ಉತ್ತರ ಕನ್ನಡ ಕರಾವಳಿಯ ಕುಮಟಾ ತಾಲೂಕಿನ ದೀವಗಿ ಹತ್ತಿರ, ಅಘನಾಶಿನಿ ಹೊಳೆ ದಂಡೆಯಿಂದ ಸ್ವಲ್ಪ ಒಳಗೆ. ಹಳೇ ಭಾಗಕ್ಕೆ ಚಿರೇಕಲ್ಲಿನ ಗೋಡೆ, ಹಂಚಿನ ಮಾಡು. ಮುಂದಿನ ಎರಡು ಕೋಣೆ ಆಮೇಲೆ ಕಟ್ಟಿಸಿದ್ದು, ಮೇಲೆ ಸ್ಲ್ಯಾಬ್. ಆಯಿಗೆ, ಅಂದರೆ ಅಮ್ಮನಿಗೆ, ಆಗ 82. ಬಾತ್‌ರೂಂ ಪಕ್ಕದಲ್ಲೇ ಇದೆ ಅಂತ ಅವಳು ಮಲಗುವುದು ಸ್ಲ್ಯಾಬಿನ ಕೋಣೆಯಲ್ಲಿ. ಏಪ್ರಿಲ್‌ನಲ್ಲಿ ರಾತ್ರಿ ಒಂಬತ್ತು ಗಂಟೆಗೂ ಮಂಚದ ಮೇಲೆ ನಿಂತು ಕೈ ಎತ್ತಿದರೆ ಅಂಗೈಗೆ ಶಾಖ ಹೊಡೆಯುತ್ತದೆ. ಒಲೆ ಆರಿಸಿದ ಮೇಲೂ ಬಿಸಿ ಬಿಡದ ದೋಸೆ ಕಾವಲಿ ಹಾಗೆ.

ಕೂಲರ್ ತಂದಿದ್ದು 2024ರ ಮಾರ್ಚ್‌ನಲ್ಲಿ. ಅದರ ಹಿಂದಿನ ಮಳೆಗಾಲ ಕೈಕೊಟ್ಟಿದ್ದು ನೆನಪಿರಬಹುದು. 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಅಂದರೆ 2023ರದ್ದು. ರಾಜ್ಯದ 236 ತಾಲೂಕುಗಳಲ್ಲಿ 223 ಬರದ ಪಟ್ಟಿಗೆ ಸೇರಿದ್ದವು. ಮಾರ್ಚ್ ಹೊತ್ತಿಗೇ ನಮ್ಮ ಬಾವಿಯಲ್ಲಿ ಕೊಡ ನೆಲಕ್ಕೆ ಬಡಿಯುತ್ತಿತ್ತು. ಹೊಳೆ ಬದಿಯವರಿಗೆ ಇನ್ನೊಂದು ತಾಪತ್ರಯವೂ ಇದೆ. ಮೇಲಿನಿಂದ ಸಿಹಿ ನೀರು ಬರುವುದು ಕಮ್ಮಿಯಾದ ಹಾಗೆ ಕಡಲ ಭರತದ ಉಪ್ಪು ನೀರು ಹೊಳೆಯೊಳಗೆ ಏರಿ ಬರುತ್ತದೆ. ಬಾವಿ ಉಪ್ಪಾಗಿದೆಯೋ ಇಲ್ಲವೋ ಅಂತ ನೋಡಲು ಬೇರೆ ಪರೀಕ್ಷೆ ಬೇಡ, ಬೆಳಗಿನ ಚಹಾ ಸಾಕು.

ಇಂಥ ಹೊತ್ತಿನಲ್ಲಿ 9,800 ರೂಪಾಯಿ ಕೊಟ್ಟು 50 ಲೀಟರಿನ ಕೂಲರ್ ತಂದೆ. ಅಂಗಡಿ ಹುಡುಗ ಸ್ವಿಚ್ ಹಾಕಿ ನನ್ನನ್ನು ಎದುರಿಗೆ ನಿಲ್ಲಿಸಿದ. ಆಹಾ! ಸಿರಸಿಯ ಡಿಸೆಂಬರ್ ಗಾಳಿ. ಆ ಅಂಗಡಿಯಲ್ಲಿ ಎಸಿ ಓಡುತ್ತಿತ್ತು ಅನ್ನೋದು ನೆನಪಾಗಿದ್ದು ಮನೆಗೆ ಬಂದಮೇಲೆ. "ಕಿಟಕಿ ಬಾಗಿಲು ಹಾಕಿಡಿ ಸರ್, ತಂಪು ಹೊರಗೆ ಹೋಗಬಾರದು" ಅಂತಲೂ ಹೇಳಿಕೊಟ್ಟಿದ್ದ. ಅದನ್ನೂ ತಲೆಯಾಡಿಸಿ ಕೇಳಿಕೊಂಡು ಬಂದೆ.

ಮೊದಲ ದಿನ ಸಂಭ್ರಮ. ಆಯಿ "ಚೊಲೊ ಇದ್ದು" ಅಂದಳು. ಮೂರನೇ ದಿನ ಮಧ್ಯಾಹ್ನ ಊಟ ಮಾಡಿ ಮಲಗಿದವಳು ನಾಲ್ಕು ಗಂಟೆಯಾದರೂ ಏಳಲಿಲ್ಲ. ಬಾಗಿಲು ತೆಗೆದರೆ ಮುಖಕ್ಕೆ ಹಬೆ ಹೊಡೆಯಿತು, ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿದ ಹಾಗೆ. ಗೋಡೆಯ ಫೋಟೋ ಗಾಜಿನ ಮೇಲೆ ಮಂಜು ಕೂತಿತ್ತು. ಆಯಿಯ ಸೀರೆ ಬೆವರಿನಲ್ಲಿ ಒದ್ದೆ. ತಲೆ ತಿರುಗುತ್ತದೆ, ಮೀನಖಂಡ ಸೆಟೆದುಕೊಂಡಿದೆ, ಹೊಟ್ಟೆ ತೊಳೆಸುತ್ತದೆ ಅಂದಳು. ಮಾತು ಮಾತ್ರ ಸರಿಯಾಗಿತ್ತು. ಅದೇ ಪುಣ್ಯ.

ಹಂಚಿನ ಮನೆಯ ಜಗಲಿಗೆ ಕರೆತಂದು ಕಾಲು ಸ್ವಲ್ಪ ಎತ್ತರಕ್ಕಿಟ್ಟು ಮಲಗಿಸಿದೆವು. ಕುತ್ತಿಗೆಗೆ, ಕಂಕುಳಿಗೆ ಒದ್ದೆ ಬಟ್ಟೆ, ಮೇಲೆ ಫ್ಯಾನ್. ಗಂಜಿ ತಿಳಿಗೆ ಉಪ್ಪು ಹಾಕಿ ಒಂದೊಂದೇ ಗುಟುಕು. ಸಂಜೆ ಡಾಕ್ಟರರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ "ಬಿಪಿಗೆ ಯಾವ ಮಾತ್ರೆ?" ಅಂತ. ಮೂತ್ರ ಜಾಸ್ತಿ ಹೋಗುವ ಮಾತ್ರೆ ತಗೊಳ್ಳುವವರಿಗೆ ಬೇಸಿಗೆಯಲ್ಲಿ ಮೈಯ ನೀರು ಬೇಗ ಕಮ್ಮಿಯಾಗುತ್ತದಂತೆ. ನೀವೇ ನಿಲ್ಲಿಸಬೇಡಿ, ಬೇಸಿಗೆ ಶುರುವಾಗುವಾಗ ಬಂದು ಕೇಳಿ ಅಂದರು. ಆಮೇಲೆ ಒಂದು ಮಾತು ಹೇಳಿದರು, ಅದನ್ನು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ಮಾತು ತೊದಲಿದರೆ, ಗಲಿಬಿಲಿಯಾದರೆ, ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ, ಗಾಡಿ ಬರುವ ತನಕ ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತಾ ಇರಿ.

ಆ ರಾತ್ರಿ ನನ್ನೊಳಗಿನ ಮೇಷ್ಟ್ರು ಎದ್ದ. ಉಷ್ಣತೆ ಮತ್ತು ತೇವಾಂಶ ಎರಡೂ ತೋರಿಸುವ ಪುಟ್ಟ ಮೀಟರ್ ತರಿಸಿದೆ, ಬರೀ 350 ರೂಪಾಯಿ. ಇಡೀ ವ್ಯವಹಾರದಲ್ಲಿ ಐದಕ್ಕೆ ಐದು ಸ್ಟಾರ್ ಸಿಗುವುದು ಇದಕ್ಕೇ. ಮಧ್ಯಾಹ್ನ ಎರಡೂವರೆಗೆ ಕೋಣೆಯಲ್ಲಿ 33.6 ಡಿಗ್ರಿ, ತೇವಾಂಶ ನೂರಕ್ಕೆ 68. ಕೂಲರಿನ ಬಾಯಿಯಲ್ಲಿ ಗಾಳಿ 30.4. ಬರೀ ಮೂರು ಡಿಗ್ರಿ! ಕಿಟಕಿ ಹಾಕಿ ನಲವತ್ತು ನಿಮಿಷ ಬಿಟ್ಟೆ. ಕೋಣೆ 32.4ಕ್ಕೆ ಇಳಿಯಿತು, ತೇವಾಂಶ 87ಕ್ಕೆ ಏರಿತು. ಒಂದು ಡಿಗ್ರಿ ತಂಪಿಗಾಗಿ ಬೆವರು ಆರುವ ದಾರಿಯನ್ನೇ ಮುಚ್ಚಿಬಿಟ್ಟಿದ್ದೆ.

ವಿಷಯ ಇಷ್ಟೇ. ಕೂಲರ್ ತಂಪನ್ನು ತಯಾರಿಸುವುದಿಲ್ಲ. ಒದ್ದೆ ಪ್ಯಾಡಿನ ನೀರು ಆವಿಯಾಗುವಾಗ ಗಾಳಿಯಿಂದ ಶಾಖ ತಗೊಳ್ಳುತ್ತದೆ, ಅಷ್ಟೇ. ಗಾಳಿ ಒಣಗಿದ್ದರೆ ನೀರನ್ನು ಗಟಗಟ ಕುಡಿಯುತ್ತದೆ. ಕರಾವಳಿಯ ಗಾಳಿಗೆ ಮೊದಲೇ ಹೊಟ್ಟೆ ತುಂಬಿದೆ, ಎಷ್ಟು ಬಡಿಸಿದರೂ ಎಲೆಯಲ್ಲೇ ಉಳಿಯುತ್ತದೆ. ನಮ್ಮ ಮೈಯ ಬೆವರಿನದೂ ಇದೇ ಕಥೆ. ಹವಾಮಾನ ಇಲಾಖೆ ಬಿಸಿಗಾಳಿ ಅಂತ ಸಾರಲು ಬಯಲಿನಲ್ಲಿ ಕನಿಷ್ಠ 40 ಡಿಗ್ರಿ ಆಗಬೇಕು ಅನ್ನುತ್ತದೆ, ಕರಾವಳಿಗೆ 37 ಸಾಕು. ಎರಡೂ ಕಡೆ ಮಾಮೂಲಿಗಿಂತ ನಾಲ್ಕೂವರೆ ಡಿಗ್ರಿಯಾದರೂ ಜಾಸ್ತಿ ಇರಬೇಕು ಅನ್ನುವ ಶರತ್ತು ಬೇರೆ. ಹುಬ್ಬಳ್ಳಿಯ ನೆಂಟರು "ನಿಮ್ಮಲ್ಲಿ ಬರೀ 35 ಅಲ್ವಾ, ಅದಕ್ಕೇ ಇಷ್ಟು ಗೋಳಾ?" ಅಂದಾಗ ಈ 37ರ ಲೆಕ್ಕ ಹೇಳುತ್ತೇನೆ. ನಂಬುವುದಿಲ್ಲ. ಮೇ ತಿಂಗಳಲ್ಲಿ ಎರಡು ದಿನ ಬಂದು ಉಳಿದರೆ ನಂಬುತ್ತಾರೆ.

ನ್ಯಾಯವಾಗಿ ಹೇಳಬೇಕೆಂದರೆ, ಕಿಟಕಿ ಹಾಕಿದ್ದು ಎಲ್ಲಿಯೂ ತಪ್ಪೇ. ಕೂಲರನ್ನು ಕಿಟಕಿಗೆ ಬೆನ್ನು ಮಾಡಿ ಇಡಬೇಕು, ಹೊರಗಿನ ಗಾಳಿ ಎಳೆಯಬೇಕು, ಎದುರಿನ ಕಿಟಕಿ ತೆರೆದಿರಬೇಕು. ಹಾಗೆ ಇಟ್ಟೂ ನೋಡಿದೆ. ಹಬೆ ಹೋಯಿತು, ಮೂರು ಡಿಗ್ರಿ ಮೂರೇ ಉಳಿಯಿತು. ಲಾವಂಚದ ಪರದೆಗೆ ನೀರು ಚಿಮುಕಿಸಿದರೂ ಇದೇ ಲೆಕ್ಕ, ಪರಿಮಳ ಮಾತ್ರ ಲಾಭ. ಮಣ್ಣಿನ ಹೂಜಿ ಕೂಡ ನಮ್ಮಲ್ಲಿ ಬಯಲುಸೀಮೆಯಷ್ಟು ತಣ್ಣಗಾಗುವುದಿಲ್ಲ.

ಇನ್ನು ನೀರು. ಗಂಟೆಗೆ ಎರಡು ಲೀಟರ್ ಹತ್ತಿರ ಹೋಗುತ್ತಿತ್ತು. ಹತ್ತು ಹನ್ನೆರಡು ಗಂಟೆ ಓಡಿಸಿದರೆ ಒಂದೂವರೆ ಕೊಡ. ಉಪ್ಪು ನೀರಾದ್ದರಿಂದ ಪ್ಯಾಡಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಎರಡು ದಿನಕ್ಕೊಮ್ಮೆ ಟ್ಯಾಂಕ್ ಖಾಲಿ ಮಾಡಬೇಕು. ಹಾಗೇ ಬಿಟ್ಟರೆ ವಾಸನೆ, ವಾರ ಬಿಟ್ಟರೆ ಡೆಂಗಿ ಸೊಳ್ಳೆ. ಅದು ಮೊಟ್ಟೆ ಇಡುವುದು ಟ್ಯಾಂಕಿನ ಗೋಡೆಗೆ, ಹಾಗಾಗಿ ನೀರು ಚೆಲ್ಲಿದರೆ ಸಾಲದು, ಬ್ರಶ್ ಹಾಕಿ ತಿಕ್ಕಬೇಕು. ಬಾವಿಯಲ್ಲಿ ಕೊಡ ನೆಲ ಬಡಿಯುವ ಕಾಲದಲ್ಲಿ ಈ ಸೇವೆ ಬೇಕಿತ್ತಾ? ಒಣ ಗಾಳಿ ಮತ್ತು ನೀರು, ನಮ್ಮಲ್ಲಿ ಏಪ್ರಿಲ್‌ನಲ್ಲಿ ಇಲ್ಲದ ಎರಡೇ ಸಾಮಾನನ್ನು ಕೇಳುವ ಯಂತ್ರ ತಂದು ಕೂರಿಸಿದ್ದೆ.

ಪಕ್ಕದ ಮನೆಯವರು ಅದೇ ವರ್ಷ ಎಸಿ ಹಾಕಿಸಿದರು. ಅದರ ಪೈಪು ನಮ್ಮ ಬೇಲಿ ಕಡೆಗೆ ಬಾಯಿ ಮಾಡಿತ್ತು. ತೊಟ್ಟಿಕ್ಕುವ ನೀರಿಗೆ ಒಂದು ಬಕೇಟ್ ಇಟ್ಟೆ. ಬೆಳಗಾಗುವಾಗ ಬಕೇಟಿನ ಮುಕ್ಕಾಲು ತುಂಬಿತ್ತು! ಯಾವ ಪಸೆ ನನ್ನ ಕೂಲರನ್ನು ಸೋಲಿಸಿತ್ತೋ ಅದೇ ಪಸೆ ಅಲ್ಲಿ ನೀರಾಗಿ ಬಂದು ಕೂತಿತ್ತು. ಎಸಿ ಗಾಳಿಯ ನೀರು ಹಿಂಡುತ್ತದೆ, ಕೂಲರ್ ಬಾವಿಯ ನೀರು ಗಾಳಿಗೆ ಹಾಕುತ್ತದೆ. ಎಸಿಯ ಆ ನೀರು ಕುಡಿಯಲು ಬರುವುದಿಲ್ಲ. ನೆಲ ಒರೆಸಲು, ಮಲ್ಲಿಗೆ ಗಿಡಕ್ಕೆ ಅಡ್ಡಿಯಿಲ್ಲ. ಎರಡು ಮನೆಯವರೂ ಈಗ ಆ ಬಕೇಟಿನ ಮೇಲೆ ಕಣ್ಣಿಟ್ಟಿದ್ದೇವೆ, ಅದು ಬೇರೆ ರಾಜಕೀಯ.

ನಾವು ಎಸಿ ಹಾಕಿಸಲಿಲ್ಲ. ಬಿಲ್ಲಿನ ಭಯ ಒಂದು, ಮಧ್ಯಾಹ್ನವೇ ಕರೆಂಟ್ ಹೋಗುವುದು ಇನ್ನೊಂದು. ಕೈ ಹಿಡಿದದ್ದು ಬೇರೆಯೇ. ಆಯಿಯ ಮಂಚವನ್ನು ಬೇಸಿಗೆ ಮಟ್ಟಿಗೆ ಹಂಚಿನ ಕೋಣೆಗೆ ಸಾಗಿಸಿದೆವು. ಬಾತ್‌ರೂಂ ಹತ್ತು ಹೆಜ್ಜೆ ದೂರವಾಯಿತು, ದಾರಿಗೆ ಒಂದು ಹಿಡಿಕಂಬಿ ಹಾಕಿಸಿದೆ. ಸ್ಲ್ಯಾಬಿನ ಮೇಲೆ ಸುಣ್ಣ ಬಳಿಸಿ ತೆಂಗಿನ ಮಡಲು ಹಾಸಿದೆ. ಸಿಗರೇಟಿನ ಕಿಡಿ, ಪಟಾಕಿ ಬಗ್ಗೆ ಜಾಗ್ರತೆ ಇರಲಿ. ರಾತ್ರಿ ಕೈ ಎತ್ತಿದರೆ ಆ ಕಾವಲಿ ಶಾಖ ಈಗ ಇಲ್ಲ. ಬಿಎಲ್‌ಡಿಸಿ ಫ್ಯಾನ್ ಒಂದು ಹಾಕಿದೆ, 30 ವಾಟ್ ಆಸುಪಾಸು ತಿನ್ನುತ್ತದೆ, ಇನ್ವರ್ಟರ್ ಮೇಲೆ ರಾತ್ರಿಯಿಡೀ ಓಡುತ್ತದೆ. ಗಾಳಿಯೇ 40 ಡಿಗ್ರಿ ದಾಟಿದರೆ ಫ್ಯಾನ್ ಮೈಯನ್ನು ಇನ್ನೂ ಕಾಯಿಸುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತದೆ. ನಮ್ಮ ಕರಾವಳಿಯಲ್ಲಿ ಅಷ್ಟು ಏರುವುದು ಅಪರೂಪ.

ಕುಡಿಯುವುದರಲ್ಲಿ ಆಯಿಗೆ ಯಾರ ಪಾಠವೂ ಬೇಡ. ಬೆಳಿಗ್ಗೆ ಗಂಜಿ ಜೊತೆ ಅಪ್ಪೆಮಿಡಿ, ಮಧ್ಯಾಹ್ನ ಒಂದೆಲಗದ ತಂಬ್ಳಿ, ಸಂಜೆ ಮುರುಗಲು ಪಾನಕಕ್ಕೆ ಚಿಟಿಕೆ ಉಪ್ಪು. ನಾನೇ ದಡ್ಡ, ಆ ವರ್ಷ ಹೆಸರಿನಲ್ಲಿ ಓಆರ್‌ಎಸ್ (ಮೈ ಕಳಕೊಂಡ ನೀರು, ಲವಣ ತುಂಬುವ ದ್ರಾವಣ) ಅಂತಿದ್ದ ಹಣ್ಣಿನ ಜ್ಯೂಸ್ ಪೊಟ್ಟಣ ತಂದುಕೊಟ್ಟಿದ್ದೆ. ಬರೀ ಸಕ್ಕರೆ ನೀರು. ಸರಿಯಾದ ಸೂತ್ರ ಇಲ್ಲದ ಪಾನೀಯಗಳ ಮೇಲೆ ಆ ಮೂರಕ್ಷರ ಹಾಕಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಹೇಳಿತು. ಔಷಧ ಅಂಗಡಿಯ ಪುಡಿ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಕ್ಕರೆ ಆರು ಚಹಾ ಚಮಚ, ಉಪ್ಪು ಅರ್ಧ ಚಹಾ ಚಮಚ, ಎರಡೂ ಮಟ್ಟಸವಾಗಿ. ಉಪ್ಪು ಜಾಸ್ತಿ ಆಗಬಾರದು.

ಕೂಲರಿನ ಕಥೆ ಇಲ್ಲಿಗೆ ಮುಗಿದಿಲ್ಲ. ಅಂಗಡಿಯವರು ವಾಪಸು ತಗೊಳ್ಳಲಿಲ್ಲ. ಒಡೆದಿಲ್ಲವಲ್ಲ, ಯಾಕೆ ತಗೊಳ್ಳಬೇಕು? ಏಪ್ರಿಲ್ ಕೊನೆಗೆ ಬಾಡಿಗೆ ಗಾಡಿಯಲ್ಲಿ ಹಾಕಿಕೊಂಡು ದೇವಿಮನೆ ಘಟ್ಟ ಹತ್ತಿ, ಸಿರಸಿ ದಾಟಿ, ಮುಂಡಗೋಡದ ತಂಗಿ ಮನೆಗೆ ಒಯ್ದೆ. ಅದೇ ಜಿಲ್ಲೆ, ನೂರು ಕಿಲೋಮೀಟರಿಗಿಂತ ತುಸು ಜಾಸ್ತಿ. ಘಟ್ಟ ಇಳಿದ ಮೇಲೆ ತುಟಿ ಒಡೆಯುತ್ತದೆ ಅನ್ನುವಷ್ಟು ಒಣ ಗಾಳಿ... ಅಲ್ಲ, ಘಟ್ಟ ಹತ್ತಿದ ಮೇಲೆ. ನಮಗೆ ಪೂರ್ವಕ್ಕೆ ಹೋದರೆಲ್ಲ ಹತ್ತುವುದೇ.

ಅಲ್ಲಿ ಮಧ್ಯಾಹ್ನ 38.2 ಡಿಗ್ರಿ, ತೇವಾಂಶ 26. ಕಿಟಕಿಗೆ ಬೆನ್ನು ಮಾಡಿ ಇಟ್ಟು ಸ್ವಿಚ್ ಹಾಕಿದೆ. ಹತ್ತು ನಿಮಿಷ. ಮೀಟರನ್ನು ಕೂಲರಿನ ಬಾಯಿಗೆ ಹಿಡಿದರೆ 27.8! ತಂಗಿಯ ಮಾವನವರು ಎದುರಿಗೆ ಕುರ್ಚಿ ಹಾಕಿ ಕೂತವರು ಚಹಾಕ್ಕೂ ಏಳಲಿಲ್ಲ. ಗಂಟೆಗೆ ಐದು ಲೀಟರ್ ನೀರು ಕುಡಿಯಿತು. ನಮ್ಮಲ್ಲಿ ಎರಡೇ ಕುಡಿಯುತ್ತಿತ್ತಲ್ಲ, ಅದನ್ನು ಆಗ ನಾನು ಮಿತವ್ಯಯ ಅಂದುಕೊಂಡಿದ್ದೆ. ಹಸಿವಿಲ್ಲದ್ದು ರೋಗದ ಲಕ್ಷಣ ಅಂತ ಹೊಳೆಯಲಿಲ್ಲ.

ಹಾಗಾಗಿ ನನ್ನ ಸ್ಟಾರ್‌ಗಳು ಹೀಗೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರಿಗೆ ಒಂದು. ಅದೂ ಪಂಪ್ ನಿಲ್ಲಿಸಿದರೆ ಒಳ್ಳೇ ಫ್ಯಾನ್ ಅನ್ನುವ ಕಾರಣಕ್ಕೆ. ಮುಂಡಗೋಡ, ಹಳಿಯಾಳದ ಕಡೆಯವರಿಗೆ ನಾಲ್ಕೂವರೆ. ಅರ್ಧ ಕಳೆದದ್ದು ಸದ್ದಿಗೆ, ಟಿವಿ ಕೇಳುವುದಿಲ್ಲ. ಸಿರಸಿಯವರು ಮೊದಲು 350 ರೂಪಾಯಿಯ ಮೀಟರ್ ತಂದು ಒಂದು ವಾರ ಮಧ್ಯಾಹ್ನದ ತೇವಾಂಶ ನೋಡಿ. ನೂರಕ್ಕೆ 40ರ ಒಳಗಿದ್ದರೆ ತಗೊಳ್ಳಿ.

ಮೊನ್ನೆ ತಂಗಿ ಫೋನ್ ಮಾಡಿದ್ದಳು. ಬೋರಿನಲ್ಲಿ ನೀರು ಅರ್ಧ ಇಂಚಿಗೆ ಬಂದಿದೆಯಂತೆ, ಅದೂ ನಿಂತು ನಿಂತು. "ಅಣ್ಣಾ, ಇದ್ದ ನೀರನ್ನ ಕೂಲರಿಗೆ ಹಾಕಲೋ, ಎಮ್ಮೆಗೆ ಕುಡಿಸಲೋ?" ಅಂತ ಕೇಳಿದಳು.

ಎಮ್ಮೆಗೆ ಅಂದೆ. ಮಾವನವರ ಕುರ್ಚಿಯನ್ನು ಬೇವಿನ ಮರದ ಕೆಳಗೆ ಹಾಕು ಅಂದೆ.