ಅಕ್ಷರಕ್ಕೆ ಬಣ್ಣವೋ, ಪದಕ್ಕೆ ಬಣ್ಣವೋ?

ಯಾವುದನ್ನು ಓದುವುದು ಸುಲಭ ಎಂದು ತಿಳಿಯಲು ಒಂದೇ ಬರಹವನ್ನು ನಾಲ್ಕು ಬಗೆಯಲ್ಲಿ ಪ್ರಿಂಟ್ ತೆಗೆದು ಓದಿ ನೋಡಿದೆ: ಬರೀ ಕಪ್ಪು, ಅಕ್ಷರ ಬಿಟ್ಟು ಅಕ್ಷರಕ್ಕೆ ಕೆಂಪು, ಪದ ಬಿಟ್ಟು ಪದಕ್ಕೆ ಕೆಂಪು, ಕಪ್ಪಿನ ಮೇಲೆ ತೆಳು ಹಳದಿ ಪ್ಲಾಸ್ಟಿಕ್ ಹಾಳೆ.

ಈ ಹುಚ್ಚಿಗೆ ಕಾರಣ ಕ್ರೌಡಿಂಗ್. ನೋಟದ ಅಂಚಿನಲ್ಲಿರುವ ಅಕ್ಷರ ಸಾಕಷ್ಟು ದೊಡ್ಡದಿದ್ದರೂ ಅಕ್ಕಪಕ್ಕದವು ಒತ್ತಿಕೊಂಡಿದ್ದರೆ ಗುರುತು ಸಿಗುವುದಿಲ್ಲ. 1970ರಲ್ಲಿ ಹರ್ಮನ್ ಬೌಮಾ ಎಂಬ ಸಂಶೋಧಕರು ಇದಕ್ಕೊಂದು ಅಳತೆ ಕೊಟ್ಟರು: ಕಣ್ಣು ನೆಟ್ಟ ಜಾಗದಿಂದ ಅಕ್ಷರ ಎಷ್ಟು ದೂರವೋ, ಪಕ್ಕದ ಅಕ್ಷರ ಆ ಅಕ್ಷರದಿಂದ ಸುಮಾರು ಅದರ ಅರ್ಧದಷ್ಟಾದರೂ ದೂರವಿರಬೇಕು, ಆಗಲೇ ಗುರುತು ಸಿಗುವುದು.

ನೀವೂ ಮಾಡಿ ನೋಡಬಹುದು. ಹಾಳೆಯ ಎಡಕ್ಕೊಂದು ಚುಕ್ಕಿ, ಬಲಕ್ಕೆ ದೂರದಲ್ಲಿ ‘ಮವಷ’ ಎಂದು ಬರೆಯಿರಿ. ಚುಕ್ಕಿಯಿಂದ ಕಣ್ಣು ಕದಲಿಸದೆ ನೋಡಿದಾಗ ನಡುವಿನದು ವ-ನೋ ಪ-ನೋ ನನಗೆ ಹೇಳಲಾಗಲಿಲ್ಲ. ಅದೊಂದನ್ನೇ ಕೆಂಪು ಮಾಡಿದೆ, ಥಟ್ಟನೆ ಎದ್ದು ಬಂತು. ಮೂರನ್ನೂ ಕೆಂಪು ಮಾಡಿದೆ, ಮತ್ತೆ ಕಲಸಿಹೋಯಿತು. ನೆರೆಯ ಅಕ್ಷರಕ್ಕಿಂತ ಬೇರೆಯಾಗಿದ್ದರೆ ಮಾತ್ರ ಬಣ್ಣಕ್ಕೆ ಬೆಲೆ.

ಹಾಗಾದರೆ ಅಕ್ಷರ ಬಿಟ್ಟು ಅಕ್ಷರಕ್ಕೆ ಬಣ್ಣ ಕೊಟ್ಟದ್ದೇ ಗೆಲ್ಲಬೇಕಿತ್ತು. ನಾಲ್ಕರಲ್ಲಿ ಅದೇ ಕಡೆಯದು! ‘ವ್ಯವಸ್ಥೆ’ಯಲ್ಲಿ ವ್ಯ, ಸ್ಥೆ ಕೆಂಪಾಗಿ ನಡುವಿನ ವ ಕಪ್ಪಾಗಿ ಉಳಿದರೆ ಕಣ್ಣು ಕೆಂಪಿನಿಂದ ಕೆಂಪಿಗೆ ಹಾರುತ್ತದೆ, ಪದ ಚೂರಾಗುತ್ತದೆ. ಸಂಶೋಧಕರಾದ ಚುಂಗ್ ಮತ್ತು ಮ್ಯಾನ್ಸ್‌ಫೀಲ್ಡ್ 2009ರಲ್ಲಿ ಕಪ್ಪು-ಬಿಳಿ ಅಕ್ಷರಗಳನ್ನು ಬೆರೆಸಿ ಕಂಡದ್ದೂ ಇಂಥದ್ದೇ: ಕ್ರೌಡಿಂಗ್ ತಗ್ಗಿತು, ಅಂಚುನೋಟದ ಓದಿನ ವೇಗ ಮಾತ್ರ ಏರಲಿಲ್ಲ.

ಪದ ಬಿಟ್ಟು ಪದಕ್ಕೆ ಬಣ್ಣ ಕೊಟ್ಟದ್ದು ವಾಸಿ. ಪದ ಇಡಿಯಾಗಿ ಉಳಿಯುತ್ತದೆ, ಎಲ್ಲಿ ಮುಗಿಯಿತೆಂಬುದು ಮೊದಲೇ ತಿಳಿಯುತ್ತದೆ. ಆದರೆ ‘ಮತ್ತು’ ಕೂಡ ಕೆಂಪಾಗಿ ಏನೋ ಘೋಷಣೆ ಕೂಗಿದಂತೆ ಕಿರಿಕಿರಿ. ಕಡುನೀಲಿಗೆ ಬದಲಿಸಿದೆ. ಕಿರಿಕಿರಿ ಹೋಯಿತು, ಅದರ ಜೊತೆಗೆ ಲಾಭವೂ ಹೋಯಿತು. ಆ ನೀಲಿ ಕಪ್ಪಿಗೆ ತೀರಾ ಹತ್ತಿರ.

ಹಳದಿ ಹಾಳೆ ಎಲ್ಲ ಅಕ್ಷರಕ್ಕೂ ಒಂದೇ ಛಾಯೆ ಕೊಡುತ್ತದೆ, ನೆರೆಹೊರೆಯ ವ್ಯತ್ಯಾಸ ಇದ್ದಷ್ಟೇ. ಹೊಳಪು ತಗ್ಗಿ ಹಿತವೆನಿಸಿತು, ಅಷ್ಟೇ. ಡಿಸ್ಲೆಕ್ಸಿಯಾಕ್ಕೆ, ಅಂದರೆ ಓದುವುದೇ ಕಷ್ಟವಾಗುವ ಕಲಿಕೆಯ ತೊಡಕಿಗೆ, ಇದೇ ಮದ್ದು ಎನ್ನುವ ಪ್ರಚಾರಕ್ಕೆ ಗಟ್ಟಿ ಪುರಾವೆಯಿಲ್ಲ.

ಕೊನೆಗೆ ಬರೀ ಕಪ್ಪಿನದನ್ನೇ ಅಕ್ಷರಗಳ ನಡುವೆ ತುಸು ಜಾಗ ಹೆಚ್ಚಿಸಿ ಓದಿದೆ. ಬಣ್ಣದವೆಲ್ಲ ಹಿಂದೆ ಬಿದ್ದವು. 2012ರಲ್ಲಿ ಜೋರ್ಜಿ ಮತ್ತು ಸಂಗಡಿಗರ ಅಧ್ಯಯನದಲ್ಲೂ ಜಾಗ ಹೆಚ್ಚಿಸಿದಾಗ ಡಿಸ್ಲೆಕ್ಸಿಯಾ ಇರುವ ಇಟಾಲಿಯನ್, ಫ್ರೆಂಚ್ ಮಕ್ಕಳ ಓದು ಸುಧಾರಿಸಿತ್ತು. ನಮ್ಮಲ್ಲಿ ಸಾಲುಗಳ ಅಂತರವನ್ನೂ ಹಿಗ್ಗಿಸಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.