ಎರಡೂವರೆ ಟನ್ನಿನ ಟಾಟಾವೋ, ಸ್ಟಾಲಿಯನ್ನೋ?

ಸೇನೆಯಿಂದ ಹರಾಜಾಗಿ ಬಂದ ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರ ಎಳೆಯುವ) ಲಾರಿಗಳಿಗೆ ನಮ್ಮ ಕಾಸರಗೋಡಿನ ಮುಳ್ಳೇರಿಯ, ಬದಿಯಡ್ಕದ ಕಡೆ ಒಂದು ಸೆಳೆತ ಇದ್ದೇ ಇದೆ. ಗುಡ್ಡದ ಮಣ್ಣುದಾರಿಯಲ್ಲಿ ಗೊಬ್ಬರ ಹತ್ತಿಸಬೇಕು, ಮರದ ದಿಮ್ಮಿ ಇಳಿಸಬೇಕು. ಜುಲೈ ತಿಂಗಳಲ್ಲಿ ಮಾಮೂಲಿ ಲಾರಿ ಅರ್ಧಕ್ಕೇ ಕೈಚೆಲ್ಲುತ್ತದೆ. ಭಾವನ ಹತ್ತಿರ ಅಶೋಕ್ ಲೇಲ್ಯಾಂಡ್ ಸ್ಟಾಲಿಯನ್ ಇದೆ, ನೆರೆಯವರಲ್ಲಿ ಸೇನೆಯವರು ಎರಡೂವರೆ ಟನ್ನಿನದು ಅನ್ನುವ ಟಾಟಾ ಎಲ್‌ಪಿಟಿಎ 713. ನನ್ನಲ್ಲಿ ಹೆವಿ ಲೈಸೆನ್ಸ್ ಇರುವುದರಿಂದ ಎರಡನ್ನೂ ಅದೇ ಏರಿನಲ್ಲಿ ಲೋಡು ಹೇರಿ ಓಡಿಸಿದೆ.

ಎಳೆಯುವುದರಲ್ಲಿ ಸ್ಟಾಲಿಯನ್‌ಗೆ ಎದುರಿಲ್ಲ. ಒದ್ದೆ ಕೆಂಪು ಕಲ್ಲು ತುಂಬಿದರೂ ಲೋ ಗೇರಿನಲ್ಲಿ ಏದುಸಿರಿಲ್ಲದೆ ಹತ್ತಿತು. ತೊಂದರೆ ತಿರುವಿನಲ್ಲಿ. ಅಡಕೆ ಮರಗಳ ನಡುವಿನ ದಾರಿಯಲ್ಲಿ ಹಿಂದೆ ಮುಂದೆ ಮಾಡುತ್ತಲೇ ಹೊತ್ತು ಹೋಗುತ್ತದೆ, ತೋಡಿನ ಮೋರಿ ಕಂಡರೆ ಎದೆ ಡವಡವ. ಟಾಟಾ ನಿಧಾನ, ಆದರೆ ತೋಟದ ಒಳಗೆ ಹೋಗಿ ತಿರುಗಿ ಬರುತ್ತದೆ. ಸೇನೆಯ ಹಳೆ ಶಕ್ತಿಮಾನ್ ಲಾರಿಯ ಬಗ್ಗೆಯೂ ಕೇಳುವವರಿದ್ದಾರೆ. ಜಬಲ್ಪುರದಲ್ಲಿ ಅದರ ತಯಾರಿ 1996ಕ್ಕೇ ನಿಂತಿತು. ಗುಜರಿಯಲ್ಲಿ ಬಿಡಿಭಾಗ ಹುಡುಕುವ ಹುಚ್ಚಿದ್ದರೆ ಕೊಳ್ಳಿ.

ಇಷ್ಟು ಗುಡ್ಡದ ಮಾತು. ಟಾರು ರಸ್ತೆಗೆ ಬಂದರೆ ಲೆಕ್ಕವೇ ಬೇರೆ.

ಮಿಲಿಟರಿ ಲಾರಿಗೆ ಎರಡು ಭಾರ ಹೇಳುವುದು ರೂಢಿ: ಕಾಡುಮೇಡಿಗೆ ಒಂದು, ಒಳ್ಳೆ ರಸ್ತೆಗೆ ಇನ್ನೊಂದು. ಸ್ಟಾಲಿಯನ್‌ಗೆ 5 ಮತ್ತು 7.5 ಟನ್. ಅಮೆರಿಕದ ಎಂ35 ಲಾರಿಗೆ 'ಎರಡೂವರೆ ಟನ್' ಅನ್ನುವುದೂ ಕಾಡಿನ ಲೆಕ್ಕವೇ. ರಸ್ತೆಯಲ್ಲಿ ಅದರ ಎರಡರಷ್ಟು. ನಮ್ಮ ಮೋಟಾರು ವಾಹನ ಕಾಯ್ದೆಗೆ ಈ ಎರಡು ಲೆಕ್ಕ ಬೇಡ. ಆರ್‌ಸಿಯಲ್ಲಿ ನಮೂದಾದ ಒಟ್ಟು ತೂಕ ಒಂದೇ ಅದಕ್ಕೆ ಗೊತ್ತು. ಅದರಿಂದ ಖಾಲಿ ಗಾಡಿಯ ತೂಕ ಕಳೆದರೆ ಉಳಿದದ್ದೇ ನಿಮ್ಮ ಲೋಡು. ಗಟ್ಟಿ ಇರಲಿ ಅಂತ ಕಬ್ಬಿಣದ ಬಾಡಿ ಕಟ್ಟಿಸಿದಷ್ಟೂ ಲೋಡು ಇಳಿಯುತ್ತದೆ, ಆ ಬದಲಾವಣೆಗೂ ಆರ್‌ಟಿಒ ಒಪ್ಪಿಗೆ ಬೇಕು. ಮೀರಿದರೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ 2,000; ಜೊತೆಗೆ ಹೆಚ್ಚಾದದ್ದನ್ನು ಇಳಿಸದೆ ಗಾಡಿ ಕದಲುವ ಹಾಗಿಲ್ಲ. "ಗಾಡಿಗೆ ತಾಕತ್ತು ಇದ್ದು ಭಾವ, ಕಾಗದಕ್ಕೆ ಇಲ್ಲೆ," ಅಂದ ನಮ್ಮ ಭಾವ.

2018ರಲ್ಲಿ ಎರಡು ಆಕ್ಸಲ್ ಲಾರಿಯ ಮಿತಿ 16.2 ಟನ್‌ನಿಂದ 18.5ಕ್ಕೆ ಏರಿತಲ್ಲ ಅಂತ ಕೆಲವರು ವಾದ ಹೂಡುತ್ತಾರೆ. ಅದು ಹಿಂದಿನ ಆಕ್ಸಲ್‌ಗೆ ನಾಲ್ಕು ಟಯರಿರುವ ಲಾರಿಗೆ. ಸ್ಟಾಲಿಯನ್‌ನ ಹಿಂದೆ ಬಗ್ಗಿ ನೋಡಿ, ಕಡೆಗೊಂದರಂತೆ ಎರಡೇ ದಪ್ಪ ಟಯರು.

ಟಾಟಾ ಗೆಲ್ಲುವುದು ಇಲ್ಲಿ. ಅದರ ಹೆಸರಲ್ಲೇ ಒಟ್ಟು ತೂಕ ಅಡಗಿದೆ: 407 ಅಂದರೆ 4 ಟನ್ ವರ್ಗ, 70ರ ಆಸುಪಾಸಿನ ಅಶ್ವಶಕ್ತಿ, 713 ಅಂದರೆ 7 ಟನ್, 130. ಆದರೂ ಹೆಸರು ನಂಬಿ ಮುಂಗಡ ಕೊಡಬೇಡಿ, ಆರ್‌ಸಿ ಓದಿ. ಅಂಕಿ 7,500 ಕೆಜಿ ಮೀರಿಲ್ಲದಿದ್ದರೆ ಕಾರಿನ ಲೈಸೆನ್ಸೇ ಸಾಕು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಖಚಿತಪಡಿಸಿದೆ. ಥರ್ಡ್ ಪಾರ್ಟಿ ವಿಮಾ ಕಂತಿನ ಮೊದಲ ಹಂತ ಮುಗಿಯುವುದೂ 7,500ಕ್ಕೇ. ಸ್ಟಾಲಿಯನ್‌ಗೆ ಹೆವಿ ಲೈಸೆನ್ಸಿನ ಡ್ರೈವರ್ ಬೇಕು. ಆತ ರಜೆ ಹಾಕಿದ ದಿನ ಗಾಡಿಗೂ ರಜೆ.

"ಸ್ವಂತದ ಗೊಬ್ಬರ, ಪರ್ಮಿಟ್ ಯಾಕೆ?" ಅನ್ನುವ ಪ್ರಶ್ನೆ ಸಾಮಾನ್ಯ. ಪರ್ಮಿಟ್ ವಿನಾಯಿತಿ ಒಟ್ಟು ತೂಕ 3,000 ಕೆಜಿ ಮೀರದ ಗೂಡ್ಸ್ ಗಾಡಿಗೆ ಮಾತ್ರ, ಇವೆರಡಕ್ಕೂ ಇಲ್ಲ. ಆದೂರು ದಾಟಿ ಸುಳ್ಯಕ್ಕೋ, ಪೆರ್ಲ ದಾಟಿ ಪುತ್ತೂರಿಗೋ ಅಡಕೆ ಒಯ್ಯುವವರಿಗೆ ಕೆಎಲ್ 14 (ಕಾಸರಗೋಡು ನೋಂದಣಿಯ) ಗಾಡಿಯಾದರೆ ಕರ್ನಾಟಕದಲ್ಲೂ ನಡೆಯುವ ಪರ್ಮಿಟ್ ಬೇಕು. ಎಂಟು ವರ್ಷ ದಾಟಿದ ಗಾಡಿಗೆ ವರ್ಷವರ್ಷ ಫಿಟ್‌ನೆಸ್ ಬೇರೆ.

ರಬ್ಬರ್ ತೋಟದ ಒಳಗೇ ದಿಮ್ಮಿ ಎಳೆಯುವ ಭಾವನಿಗೆ ಸ್ಟಾಲಿಯನ್ ಸರಿ. ನಾನು ಕೊಳ್ಳುವುದಾದರೆ 7,500ರ ಒಳಗಿನ ಆರ್‌ಸಿ ಇರುವ ಟಾಟಾ. ಯಾವುದನ್ನೇ ತಂದರೂ ಆ ಮಿಲಿಟರಿ ಹಸಿರು ಉಳಿಸಿಕೊಳ್ಳುವ ಆಸೆ ಬಿಡಿ: ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಅದು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ನೆರೆಯವರು ಹಳದಿ ಬಳಿಸಿದ್ದಾರೆ, ಆರ್‌ಸಿಯಲ್ಲೂ ಬಣ್ಣ ತಿದ್ದಿಸಿದ್ದಾರೆ.